ವಿದ್ಯುದುಪಕರಣಗಳ ಪರಸ್ಪರ ಉಪದ್ರವವನ್ನು ತಡೆಯಲು ಯೂರೋಪಿನಲ್ಲಿ ಏರ್ಪಟ್ಟಿರುವ ಮಾನಕಗಳು

ಒಬ್ಬ ರೈತನು ತನ್ನ ಗದ್ದೆಯ ನೀರನ್ನು ಬದುವಿನೊಳಗೆ ನಿಲ್ಲಿಸಿಕೊಳ್ಳದೆ ನೆರೆಯವನ ಹೊಲಕ್ಕೆ ಹರಿಯಬಿಟ್ಟರೆ ವ್ಯಾಜ್ಯವುಂಟಾಗುವುದು. ವಿದ್ಯುಚ್ಛಕ್ತಿಯನ್ನು ಬಳಸುವ ಉಪಕರಣಗಳಲ್ಲಿಯೂ ಇದೇ ಬಗೆಯ ತೊಂದರೆಯುಂಟು. ಮೋಟಾರು, ಪೆಟ್ರೋಲ್ ಎಂಜಿನಿನ ಕಿಡಿಪ್ಲಗ್ಗು, ವಿದ್ಯುತ್ ಬೇಲಿ, ಗಣಕಯಂತ್ರ ಮುಂತಾದುವು ನಡೆಯುವಾಗ ತಮ್ಮ ಕೆಲಸಕ್ಕೆ ಬೇಕಿಲ್ಲದ ವಿದ್ಯುತ್ಕಾಂತ ತರಂಗಗಳನ್ನು ಆಕಾಶಮಾರ್ಗವಾಗಿಯೂ ತಂತಿಗಳ ಮೂಲಕವೂ ಹೊರಕ್ಕೆ ಬಿಡುತ್ತವೆ. ಇವುಗಳಿಂದ ಹತ್ತಿರದ ರೇಡಿಯೋ, ದೂರವಾಣಿ ಅಥವಾ ಮತ್ತೊಂದು ಯಂತ್ರದ ನಿಯಂತ್ರಣಭಾಗವು ಕೆಡುವ ಸಂಭವವುಂಟು. ಒಂದೆಡೆಯಲ್ಲಿರುವ ಉಪಕರಣಗಳು ಒಂದನ್ನೊಂದು ಬಾಧಿಸದೆ ನಡೆಯುವ ಗುಣಕ್ಕೆ ವಿದ್ಯುತ್ಕಾಂತ ಹೊಂದಾಣಿಕೆಯೆಂದು ಹೆಸರು. ಇದಕ್ಕಾಗಿ ಯೂರೋಪಿನ ದೇಶಗಳು ಮಾಡಿಕೊಂಡಿರುವ ಏರ್ಪಾಡು ಯಂತ್ರಗಳನ್ನು ಕೊಳ್ಳುವ ಜಮೀನುದಾರರಿಗೂ ತಿಳಿದಿರತಕ್ಕ ವಿಷಯವಾಗಿದೆ.

ಪೂರ್ವಚರಿತ್ರೆ

ರೇಡಿಯೋ ಪ್ರಸಾರವು ಹರಡಿದಂತೆಲ್ಲಾ ಅದಕ್ಕೆ ಉಂಟಾಗುತ್ತಿದ್ದ ಅಡಚಣೆಯನ್ನು ಅಳೆಯಲು ಒಂದೇ ಕ್ರಮವು ಬೇಕಾಯಿತು. ಇದಕ್ಕಾಗಿ ಸಿಸ್ಪರ್ ಎಂಬ ಅಂತರರಾಷ್ಟ್ರೀಯ ಸಮಿತಿಯು 1934ರಲ್ಲಿ ಪ್ಯಾರಿಸಿನಲ್ಲಿ ತನ್ನ ಮೊದಲ ಸಭೆಯನ್ನು ನಡೆಸಿತು. ಆದರೂ ದೇಶದೇಶಗಳ ಕಟ್ಟಳೆಗಳು ಬೇರೆ ಬೇರೆಯಾಗಿಯೇ ಇದ್ದುದರಿಂದ, ಒಂದು ದೇಶದಲ್ಲಿ ಒಪ್ಪಿಗೆಯಾದ ಸರಕನ್ನು ಮತ್ತೊಂದು ದೇಶದಲ್ಲಿ ಮಾರಲು ತಡೆಯುಂಟಾಗುತ್ತಿತ್ತು. 1973ರಲ್ಲಿ ವಿದ್ಯುತ್ ಮಾನಕಗಳಿಗಾಗಿ ಸೆನೆಲೆಕ್ ಎಂಬ ಯೂರೋಪಿನ ಸಂಸ್ಥೆಯು ಸ್ಥಾಪಿತವಾಯಿತು. 1976ರಲ್ಲಿ ಗೃಹೋಪಕರಣಗಳಿಗೂ ಟ್ಯೂಬ್ ದೀಪಗಳಿಗೂ ಸಂಬಂಧಿಸಿದ ವಿಧಿಗಳು ಹೊರಟವು. ಬಳಿಕ 1989ರ ಮೇ 3ರಂದು ವಿದ್ಯುದುಪಕರಣಗಳಿಗೆ ಸಾಮಾನ್ಯವಾಗಿ ಅನ್ವಯಿಸುವ 336ನೆಯ ನಿರ್ದೇಶನವು ಹೊರಟು, 1996ರ ಜನವರಿ 1ರಿಂದ ಕಡ್ಡಾಯವಾಯಿತು. ಅದರ ಸ್ಥಾನದಲ್ಲಿ 2004ರ ನಿರ್ದೇಶನವೂ, ಅನಂತರ 2014ರ 30ನೆಯ ನಿರ್ದೇಶನವೂ ಬಂದವು. ಈ ಕೊನೆಯದು 2016ರ ಏಪ್ರಿಲ್ 20ರಿಂದ ಜಾರಿಯಲ್ಲಿದೆ.

ಎರಡು ಕರ್ತವ್ಯಗಳು

ಕಾನೂನು ವಿಧಿಸುವ ಕರ್ತವ್ಯಗಳು ಎರಡೇ. ಉಪಕರಣವು ಮಿತಿಮೀರಿ ಉಪದ್ರವವನ್ನು ಹೊರಕ್ಕೆ ಬಿಡಕೂಡದು. ಹೊರಗಿನಿಂದ ಬರುವ ಸಾಮಾನ್ಯ ಉಪದ್ರವವನ್ನು ಸಹಿಸಿಕೊಂಡು ಕೆಲಸಮಾಡತಕ್ಕದ್ದು. ಮಿತಿಗಳ ಅಂಕಿಗಳು ಕಾನೂನಿನಲ್ಲಿಲ್ಲ, ಮಾನಕಗಳಲ್ಲಿವೆ. ಮನೆಗಳಲ್ಲಿ ಬಳಸುವ ಗಣಕಯಂತ್ರ, ಟೆಲಿವಿಷನ್ ಮುಂತಾದುವುಗಳಿಗೆ ಇ.ಎನ್. 55032 ಎಂಬ ಮಾನಕವುಂಟು. ಅದರ ಪ್ರಕಾರ 30ರಿಂದ 230 ಮೆಗಾಹರ್ಟ್ಸ್‌ವರೆಗಿನ ಅಲೆಗಳಲ್ಲಿ, 10 ಮೀಟರು ದೂರದಲ್ಲಿ ಅಳೆದಾಗ, ಉಪದ್ರವದ ಬಲವು ಮೀಟರಿಗೆ ಸುಮಾರು 32 ಮೈಕ್ರೋವೋಲ್ಟನ್ನು ಮೀರಕೂಡದು. ಸಹನೆಯ ಪರೀಕ್ಷೆಯಲ್ಲಾದರೋ, ವಾಸದ ಸ್ಥಳಗಳಲ್ಲಿ ಬಳಸುವ ಉಪಕರಣಗಳ ಮೇಲೆ ಮೀಟರಿಗೆ 3 ವೋಲ್ಟ್, ಕೈಗಾರಿಕಾ ಸ್ಥಳಗಳಲ್ಲಿ ಬಳಸುವುವುಗಳ ಮೇಲೆ 10 ವೋಲ್ಟ್ ಬಲದ ಅಲೆಗಳನ್ನು ಹಾಯಿಸುತ್ತಾರೆ. 3 ವೋಲ್ಟೆಂಬುದು ಮೊದಲಿನ ಮಿತಿಗೆ ಸುಮಾರು 95 ಸಾವಿರ ಪಾಲು. ದೂರದ ನಿಲಯದ ಕ್ಷೀಣವಾದ ಧ್ವನಿಯೂ ಕೇಳಿಬರಬೇಕೆಂಬ ಕಾರಣದಿಂದ ಮೊದಲಿನ ಮಿತಿಯು ಅಷ್ಟು ಕಿರಿದಾಗಿದೆ. ಸಮೀಪದಲ್ಲಿ ಪ್ರಸಾರಯಂತ್ರವಿದ್ದರೂ ಉಪಕರಣವು ಕೆಡಬಾರದೆಂಬ ಕಾರಣದಿಂದ ಎರಡನೆಯದು ಅಷ್ಟು ಹಿರಿದಾಗಿದೆ.

ಮಾನಕವು ಸಿದ್ಧವಾಗುವ ಕ್ರಮ

ಅನೇಕ ಮಾನಕಗಳ ಕರಡು ಮೊದಲು ಅಂತರರಾಷ್ಟ್ರೀಯ ಸಮಿತಿಗಳಲ್ಲಿ ತಯಾರಾಗುತ್ತದೆ. ಸೆನೆಲೆಕ್ ಸಂಸ್ಥೆಯ ತಜ್ಞರ ಸಮಿತಿಯು ಯೂರೋಪಿಗೆ ಬೇಕಾದ ಮಾರ್ಪಾಡುಗಳನ್ನು ಪರಿಶೀಲಿಸುತ್ತದೆ. ಕರಡನ್ನು ಸದಸ್ಯದೇಶಗಳಿಗೆ ಕಳುಹಿಸಿ, ತಯಾರಕರು, ಪರೀಕ್ಷಕರು, ಬಳಸುವವರು ಮೊದಲಾದವರ ಆಕ್ಷೇಪಣೆಗಳನ್ನು ಕೇಳಿ, ತಿದ್ದುಪಡಿಯಾದ ಮೇಲೆ ದೇಶಗಳ ಮತವನ್ನು ತೆಗೆದುಕೊಳ್ಳುತ್ತಾರೆ. ದೊಡ್ಡ ದೇಶಗಳ ಮತಕ್ಕೆ ಹೆಚ್ಚು ತೂಕವುಂಟು. ಅಂಗೀಕಾರವಾದ ಮಾನಕವನ್ನು ಪ್ರತಿಯೊಂದು ಸದಸ್ಯದೇಶವೂ ತನ್ನ ಮಾನಕವಾಗಿ ಪ್ರಕಟಿಸಿ, ಅದಕ್ಕೆ ವಿರುದ್ಧವಾದ ಹಳೆಯದನ್ನು ರದ್ದುಮಾಡತಕ್ಕದ್ದು. ಯೂರೋಪ್ ಒಕ್ಕೂಟದ ರಾಜಪತ್ರದಲ್ಲಿ ಅದರ ಹೆಸರು ಪ್ರಕಟವಾದ ಬಳಿಕ, ಅದನ್ನು ಅನುಸರಿಸಿ ಮಾಡಿದ ಉಪಕರಣವು ಕಾನೂನಿಗೆ ಒಪ್ಪುವುದೆಂದು ಭಾವಿಸಲ್ಪಡುತ್ತದೆ. ಮಾನಕವನ್ನು ಅನುಸರಿಸದ ತಯಾರಕನು ಬೇರೆ ವಿಧದಲ್ಲಿ ಅದನ್ನು ರುಜುವಾತುಪಡಿಸಬೇಕು.

ವ್ಯವಸಾಯದ ಯಂತ್ರಗಳು

ಈ ವಿಷಯದಲ್ಲಿ ವ್ಯವಸಾಯವು ಹಿಂದೆ ಬಿದ್ದಿರಲಿಲ್ಲ. ಕಿಡಿಯಿಂದ ಉರಿಯುವ ಎಂಜಿನುಳ್ಳ ಟ್ರಾಕ್ಟರುಗಳು ರೇಡಿಯೋವಿಗೆ ಅಡ್ಡಿಪಡಿಸಬಾರದೆಂದು 1975ರ ಮೇ 20ರಂದೇ ಪ್ರತ್ಯೇಕ ನಿರ್ದೇಶನವು ಹೊರಟಿತು. ಈಚೆಗೆ ಟ್ರಾಕ್ಟರಿನ ಎಂಜಿನು, ಉಪಕರಣವನ್ನು ಎತ್ತುವ ಭಾಗ, ಚಾಲನೆ ಇವೆಲ್ಲಾ ವಿದ್ಯುನ್ಮಾನ ಸಾಧನಗಳ ಅಧೀನವಾದುದರಿಂದ, ಸಹನೆಯ ಗುಣವು ಮನುಷ್ಯರ ಸುರಕ್ಷತೆಯ ಪ್ರಶ್ನೆಯೇ ಆಗಿದೆ. ವ್ಯವಸಾಯ ಮತ್ತು ಅರಣ್ಯ ಯಂತ್ರಗಳಿಗಾಗಿ 1998ರಲ್ಲಿ ಪ್ರಕಟವಾದ ಐ.ಎಸ್.ಒ. 14982 ಎಂಬ ಮಾನಕವನ್ನು ಯೂರೋಪಿನವರೂ ಸ್ವೀಕರಿಸಿದರು.

ವಿದ್ಯುತ್ ಬೇಲಿಗೆ ಮಿಡಿತವನ್ನು ಕಳುಹಿಸುವ ಪೆಟ್ಟಿಗೆಯು ಇ.ಎನ್. 55014 ಎಂಬ ಮಾನಕಕ್ಕೆ ಸೇರಿದೆ. ಆದರೆ ಪರೀಕ್ಷಾಲಯದಲ್ಲಿ ನಿಜವಾದ ಬೇಲಿಯಿರುವುದಿಲ್ಲ; ಅದಕ್ಕೆ ಬದಲಾಗಿ ಒಂದು ಕೃತಕ ವಿದ್ಯುನ್ಮಂಡಲವನ್ನು ಜೋಡಿಸಿ ಅಳೆಯುತ್ತಾರೆ. ಹೊಲದಲ್ಲಿ ಹುಲ್ಲು ತಂತಿಗೆ ತಾಗಿದರೆ, ತಂತಿಯ ಗಂಟು ಸಡಿಲವಾದರೆ, ಅಥವಾ ಇನ್ಸುಲೇಟರು ಒಡೆದರೆ, ಪ್ರತಿ ಮಿಡಿತಕ್ಕೂ ಕಿಡಿ ಹಾರುತ್ತದೆ. ನೆರೆಯವರ ರೇಡಿಯೋದಲ್ಲಿಯೂ ದೂರವಾಣಿಯಲ್ಲಿಯೂ ಟಿಕ್ ಟಿಕ್ ಎಂಬ ಸದ್ದು ಕೇಳಿಬರುತ್ತದೆ. ಪೆಟ್ಟಿಗೆಯು ಮಾನಕಕ್ಕೆ ಒಪ್ಪಿದ್ದರೂ ಈ ದೋಷವು ತಪ್ಪುವುದಿಲ್ಲ.

ಗಮನಿಸತಕ್ಕ ಅಂಶಗಳು

1. ಸಿ.ಇ. ಗುರುತು ಯೂರೋಪಿನ ಕಾನೂನಿಗೆ ಒಪ್ಪುತ್ತದೆಂದು ತಯಾರಕನು ತನ್ನ ಹೊಣೆಯಲ್ಲಿ ಹಾಕುವ ಗುರುತು. ಪ್ರತಿಯೊಂದು ಯಂತ್ರವನ್ನೂ ಸರ್ಕಾರದವರು ಪರೀಕ್ಷಿಸಿದರೆಂದು ಅದರ ಅರ್ಥವಲ್ಲ.

2. ಹೊಂದಾಣಿಕೆಯ ಮಾನಕವು ಪ್ರಾಣಾಪಾಯವನ್ನು ತಡೆಯುವ ಮಾನಕವಲ್ಲ. ಬೇಲಿಯ ಪೆಟ್ಟಿಗೆಯ ಸುರಕ್ಷತೆಗೆ ಇ.ಎನ್. 60335ರ 2ನೆಯ ವಿಭಾಗದ 76ನೆಯ ಭಾಗವು ಬೇರೆಯಾಗಿಯೇ ಉಂಟು.

3. ತಯಾರಕನು ಸೂಚಿಸಿದ ಭೂಸಂಪರ್ಕ, ತಂತಿಯ ಹೊದಿಕೆ, ಲೋಹದ ಮುಚ್ಚಳ ಇವನ್ನು ತೆಗೆದುಹಾಕಿದರೆ ಯಂತ್ರದ ಹೊಂದಾಣಿಕೆಯ ಗುಣವು ಕೆಡಬಹುದು.

4. ಬೇಲಿಯ ಸಾಲನ್ನು ಆಗಾಗ್ಗೆ ನಡೆದು ನೋಡಿ, ಹುಲ್ಲನ್ನು ಕೊಯ್ಯಿಸಿ, ಗಂಟುಗಳನ್ನು ಬಿಗಿಮಾಡಿಸಿ, ಒಡೆದ ಇನ್ಸುಲೇಟರುಗಳನ್ನು ಬದಲಾಯಿಸತಕ್ಕದ್ದು.

ಮಾನಕವು ಕಾರ್ಖಾನೆಯಿಂದ ಹೊರಡುವ ಯಂತ್ರದ ಗುಣವನ್ನು ಗೊತ್ತುಮಾಡಬಲ್ಲುದು. ಅದು ಹೊಲದಲ್ಲಿ ನಿಂತ ಮೇಲೆ, ಬದುವನ್ನು ಕಾಯುವಂತೆ ಅದನ್ನೂ ಕಾಯುವ ಹೊಣೆಯು ಒಡೆಯನದಾಗಿರುತ್ತದೆ.