ಮಣ್ಣಿನ ಫ್ರಿಜ್ಜು

ಮಕ್ಕಳೇ, ಬೇಸಿಗೆಯಲ್ಲಿ ಶಾಲೆಯಿಂದ ಮನೆಗೆ ಬಂದೊಡನೆ ನೀವು ಮೊದಲು ಏನು ಮಾಡುತ್ತೀರಿ? ಪಾಟಿಚೀಲವನ್ನು ಮೂಲೆಗೆ ಇಟ್ಟು ನೀರಿನ ಗಡಿಗೆಯ ಕಡೆಗೆ ಓಡುತ್ತೀರಿ, ಅಲ್ಲವೇ? ಹೊರಗೆ ಸೊಲ್ಲಾಪುರದ ಬಿಸಿಲು ಕೆಂಡದಂತೆ ಸುಡುತ್ತಿರುತ್ತದೆ. ಆದರೂ ಗಡಿಗೆಯ ನೀರು ತಣ್ಣಗಿರುತ್ತದೆ. ಆ ಗಡಿಗೆಯ ಹೊರಮೈಯನ್ನು ಮುಟ್ಟಿ ನೋಡಿದ್ದೀರಾ? ಅದು ಸದಾ ಒದ್ದೆ. ಗಡಿಗೆ ಒಡೆದಿಲ್ಲ, ತೂತೂ ಬಿದ್ದಿಲ್ಲ. ಮತ್ತೆ ಒದ್ದೆ ಏಕೆ? ಈ ಪ್ರಶ್ನೆಯನ್ನು ನೆನಪಿನಲ್ಲಿಡಿ. ಈಗ ಒಬ್ಬ ಕುಂಬಾರರ ಕಥೆ ಕೇಳಿ.

ಗುಜರಾತ ರಾಜ್ಯದಲ್ಲಿ ವಾಂಕಾನೇರ ಎಂಬ ಊರಿದೆ. ಮನಸುಖಭಾಯಿ ಪ್ರಜಾಪತಿಯವರು ಆ ಊರಿನವರು. ನಾವು ಹೆಸರಿನ ಮುಂದೆ 'ಅಣ್ಣ' ಎಂದು ಸೇರಿಸುವಂತೆ ಗುಜರಾತಿನವರು 'ಭಾಯಿ' ಎಂದು ಸೇರಿಸುತ್ತಾರೆ. ಅವರ ಮನೆತನದವರು ಮೊದಲು ಮೋರಬಿಯ ಹತ್ತಿರದ ಹಳ್ಳಿಯಲ್ಲಿದ್ದರು. 1979ರಲ್ಲಿ ಮಚ್ಛೂ ನದಿಯ ಅಣೆಕಟ್ಟು ಒಡೆದು ದೊಡ್ಡ ಅನಾಹುತವಾಯಿತು. ಆಮೇಲೆ ಅವರು ವಾಂಕಾನೇರಕ್ಕೆ ಬಂದು ನೆಲೆಸಿದರು.

ಮನಸುಖಭಾಯಿ ಹತ್ತನೆಯ ಇಯತ್ತೆಯಲ್ಲಿ ನಪಾಸಾದರು. ಶಾಲೆ ಅಲ್ಲಿಗೇ ನಿಂತಿತು. ಕೆಲವು ಕಾಲ ಚಹಾ ಮಾರಿದರು. ಮುಂದೆ ಮನೆಯ ಮೇಲೆ ಹೊದಿಸುವ ಹೆಂಚಿನ ಕಾರಖಾನೆಯಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿ ಒಂದು ಯಂತ್ರ ಮಣ್ಣನ್ನು ಒತ್ತಿ ಹೆಂಚು ತಯಾರಿಸುತ್ತಿತ್ತು. ನೋಡುತ್ತ ನೋಡುತ್ತ ಅವರಿಗೆ ಒಂದು ವಿಚಾರ ಹೊಳೆಯಿತು. ರೊಟ್ಟಿ ಬೇಯಿಸುವ ಮಣ್ಣಿನ ಹಂಚನ್ನೂ ಹೀಗೆಯೇ ಒತ್ತಿ ಮಾಡಬಾರದೇಕೆ? ತಿಗರಿಯ ಮುಂದೆ ಕುಳಿತರೆ ದಿನಕ್ಕೆ ಸುಮಾರು ನೂರು ಹಂಚು ಆಗುತ್ತವೆ. ಯಂತ್ರವಿದ್ದರೆ ಅದರ ಎಷ್ಟೋ ಪಟ್ಟು ಮಾಡಬಹುದು.

ವಿಚಾರವೇನೋ ಒಳ್ಳೆಯದು. ಆದರೆ ಹಣ? 1988ರ ಸುಮಾರಿಗೆ ಅವರು ಸಾಹುಕಾರರಿಂದ 30,000 ರೂಪಾಯಿ ಸಾಲ ತಂದರು.

ಇಲ್ಲಿ ಸ್ವಲ್ಪ ನಿಂತು ಒಂದು ಲೆಕ್ಕ ಮಾಡೋಣ. ಅವರು ಎಷ್ಟು ಬಡ್ಡಿ ಕೊಟ್ಟರೆಂಬುದು ನಮ್ಮ ಲೆಕ್ಕವಲ್ಲ. ಇದು ಕೇವಲ ಒಂದು ಉದಾಹರಣೆ. ತಿಂಗಳಿಗೆ ನೂರಕ್ಕೆ 3 ರೂಪಾಯಿ ಬಡ್ಡಿ ಎಂದು ತಿಳಿಯಿರಿ. 30,000 ರೂಪಾಯಿಗೆ ತಿಂಗಳಿಗೆ 900 ರೂಪಾಯಿ ಬಡ್ಡಿ ಆಯಿತು. ವರ್ಷಕ್ಕೆ 10,800 ರೂಪಾಯಿ. ಅಸಲು ಹಾಗೆಯೇ ಉಳಿಯಿತು! ದಿನವೂ ಮಾರಾಟವಾಗುವ ವಸ್ತು ಮಾಡುವವರು ಹೇಗೋ ಬಡ್ಡಿ ಕಟ್ಟಿಯಾರು. ಆದರೆ ಹೊಸದನ್ನು ಹುಡುಕುವವರ ಗತಿ ಏನು? ಮೊದಲ ಸಲ ಮಾಡಿದ್ದು ಒಡೆಯುತ್ತದೆ. ಎರಡನೆಯದು ಬಿರಿಯುತ್ತದೆ. ಮಣ್ಣು ಹೋಯಿತು, ಕಟ್ಟಿಗೆ ಹೋಯಿತು, ದಿನಗಳೂ ಹೋದವು. ಬಡ್ಡಿ ಮಾತ್ರ ಒಂದು ದಿನವೂ ನಿಲ್ಲುವುದಿಲ್ಲ. ಬ್ಯಾಂಕಿಗೆ ಹೋದರೆ ಹೊಲದ ಕಾಗದ ತನ್ನಿ, ಜಾಮೀನು ತನ್ನಿ ಎನ್ನುತ್ತಾರೆ. ಹೊಲವೇ ಇಲ್ಲದವರು ಏನು ತಂದಾರು? ಹೀಗೆ ಹಳ್ಳಿಯ ಎಷ್ಟೋ ಜಾಣರ ವಿಚಾರಗಳು ಮನಸ್ಸಿನಲ್ಲಿಯೇ ಉಳಿದುಬಿಡುತ್ತವೆ.

ಮನಸುಖಭಾಯಿಯವರ ಹಂಚಿನ ಯಂತ್ರ ಗೆದ್ದಿತು. ಆದರೆ ಅವರ ಮನಸ್ಸು ಸುಮ್ಮನೆ ಕೂಡಲಿಲ್ಲ. 2001ರ ಜನವರಿ 26ರಂದು ಗುಜರಾತದ ಕಚ್ಛ ಭಾಗದಲ್ಲಿ ಭಾರಿ ಭೂಕಂಪವಾಯಿತು. ಆಗ ಒಂದು ಪತ್ರಿಕೆಯಲ್ಲಿ ಒಡೆದ ಗಡಿಗೆಯ ಚಿತ್ರ ಅಚ್ಚಾಗಿತ್ತು. ಬಡವರ ಫ್ರಿಜ್ಜು ಒಡೆಯಿತು ಎಂಬ ಅರ್ಥದ ಮಾತು ಅದರ ಕೆಳಗಿತ್ತು. ಮನಸುಖಭಾಯಿ ಅದನ್ನು ಓದಿದರು. ಗಡಿಗೆ ನೀರನ್ನು ತಣ್ಣಗಿಡುತ್ತದೆ. ಹಾಗಾದರೆ ಕಾಯಿಪಲ್ಲೆ, ಹಾಲುಗಳನ್ನು ತಣ್ಣಗಿಡುವ ಮಣ್ಣಿನ ಪೆಟ್ಟಿಗೆಯನ್ನು ಮಾಡಬಹುದಲ್ಲವೇ?

ಕೆಲಸ ಸುಲಭದ್ದಾಗಿರಲಿಲ್ಲ. ಗಡಿಗೆ ದುಂಡಗಿರುತ್ತದೆ, ಎಲ್ಲ ಕಡೆಗೂ ಸಮನಾಗಿ ಒಣಗುತ್ತದೆ. ಚೌಕ ಪೆಟ್ಟಿಗೆ ಹಾಗಲ್ಲ. ಮೂಲೆಗಳಲ್ಲಿ ಬಿರುಕು ಬಿಡುತ್ತದೆ. ಮಣ್ಣು ಬಹಳ ಗಟ್ಟಿಯಾದರೆ ನೀರು ಹೊರಗೆ ಜಿನುಗುವುದಿಲ್ಲ. ಸಡಿಲಾದರೆ ನೀರೆಲ್ಲ ಸೋರಿಹೋಗುತ್ತದೆ. ಹದ ಸಿಕ್ಕಲು ವರ್ಷಗಳೇ ಬೇಕಾದವು. ಸಾಲ ಬೆಳೆಯಿತು.

ಈ ಹೊತ್ತಿಗೆ ಅಹಮದಾಬಾದಿನಲ್ಲಿ ಒಂದು ಬೇರೆ ಕೆಲಸ ನಡೆದಿತ್ತು. ಅಲ್ಲಿನ ಪ್ರಾಧ್ಯಾಪಕ ಅನಿಲ ಗುಪ್ತಾ ಅವರು ಗೆಳೆಯರೊಡನೆ ಹಳ್ಳಿಹಳ್ಳಿಗೆ ಕಾಲ್ನಡಿಗೆಯಲ್ಲಿ ತಿರುಗುತ್ತಿದ್ದರು. ರೈತರು, ಕಮ್ಮಾರರು, ಅಜ್ಜಿಯರು ತಾವೇ ಕಂಡುಹಿಡಿದ ಉಪಾಯಗಳನ್ನು ಬರೆದುಕೊಳ್ಳುತ್ತಿದ್ದರು. ತಮ್ಮ ಗುಂಪಿಗೆ ಅವರು 'ಜೇನುಹುಳು' ಎಂಬ ಅರ್ಥದ ಇಂಗ್ಲಿಷ್ ಹೆಸರಿಟ್ಟಿದ್ದರು. ಜೇನುಹುಳು ಹೂವಿನಿಂದ ಮಕರಂದ ಒಯ್ಯುತ್ತದೆ, ಆದರೆ ಹೂವು ಬಡವಾಗುವುದಿಲ್ಲ. ಉಪಾಯ ಹೇಳಿದವರ ಹೆಸರನ್ನು ಬಿಡದೆ ಅಚ್ಚು ಹಾಕುವುದು ಅವರ ನಿಯಮ. ಅವರ ಪತ್ರಿಕೆ ಕನ್ನಡದಲ್ಲಿಯೂ ಬಂದಿತ್ತು. ಅದರ ಹೆಸರು 'ಹಿತ್ತಲಗಿಡ'. ಹಿತ್ತಲ ಗಿಡ ಮದ್ದಲ್ಲ ಎನ್ನುವವರಿಗೆ ಒಳ್ಳೆಯ ಉತ್ತರ!

1997ರಲ್ಲಿ ಗುಜರಾತದಲ್ಲಿ 'ಗ್ಯಾನ್' ಎಂಬ ಸಂಸ್ಥೆ ಹುಟ್ಟಿತು. 2000ದಲ್ಲಿ ಭಾರತ ಸರಕಾರದ ವಿಜ್ಞಾನ ಇಲಾಖೆಯ ನೆರವಿನಿಂದ ರಾಷ್ಟ್ರೀಯ ನವಪ್ರವರ್ತನ ಪ್ರತಿಷ್ಠಾನ ಆರಂಭವಾಯಿತು. ನವಪ್ರವರ್ತನ ಎಂದರೆ ಹೊಸದನ್ನು ಹುಡುಕಿ ಬಳಕೆಗೆ ತರುವುದು. 2003ರಲ್ಲಿ ಸಣ್ಣ ಕೈಗಾರಿಕೆಗಳ ಬ್ಯಾಂಕೊಂದರ ಸಹಾಯದಿಂದ ಈ ಪ್ರತಿಷ್ಠಾನ ಒಂದು ನಿಧಿಯನ್ನು ಕೂಡಿಸಿತು. ಇದರಿಂದ ಹಣ ಪಡೆಯಲು ಹೊಲದ ಕಾಗದ ಬೇಡ, ಜಾಮೀನು ಬೇಡ. ವಿಚಾರ ಹೊಸದೇ, ಜನರಿಗೆ ಉಪಯೋಗವಾದೀತೇ ಎಂದು ನೋಡಿ ನಂಬಿಕೆಯ ಮೇಲೆ ಕೊಡುತ್ತಾರೆ.

ಮನಸುಖಭಾಯಿಯವರಿಗೆ ಗ್ಯಾನ್ ಸಂಸ್ಥೆಯ ಪರಿಚಯವಾಯಿತು. ಆ ನಿಧಿಯ ನೆರವೂ ದೊರೆಯಿತು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯವರು ಪೆಟ್ಟಿಗೆಯ ಆಕಾರವನ್ನು ತಿದ್ದಲು ಕೈಜೋಡಿಸಿದರು. 2005ರಲ್ಲಿ ಮಣ್ಣಿನ ಫ್ರಿಜ್ಜು ಸಿದ್ಧವಾಯಿತು. ಅದಕ್ಕೆ 'ಮಿಟ್ಟಿಕೂಲ್' ಎಂದು ಹೆಸರಿಟ್ಟರು. ಮಿಟ್ಟಿ ಎಂದರೆ ಮಣ್ಣು.

ಇನ್ನು ನಮ್ಮ ಗಡಿಗೆಯ ಪ್ರಶ್ನೆಗೆ ಬರೋಣ. ಸುಟ್ಟ ಮಣ್ಣಿನಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ರಂಧ್ರಗಳಿರುತ್ತವೆ. ನೀರು ಅವುಗಳಿಂದ ಜಿನುಗಿ ಹೊರಮೈಗೆ ಬರುತ್ತದೆ, ಗಾಳಿಗೆ ಆವಿಯಾಗುತ್ತದೆ. ಆವಿಯಾಗುವಾಗ ಅದು ಗಡಿಗೆಯಿಂದ ಶಾಖವನ್ನು ಎಳೆದುಕೊಂಡು ಹೋಗುತ್ತದೆ. ಅಂಗೈಗೆ ನೀರು ಸವರಿ ಬಾಯಿಂದ ಊದಿರಿ. ತಣ್ಣಗಾಯಿತೇ? ಅದೇ ಇದು. ಮಣ್ಣಿನ ಫ್ರಿಜ್ಜಿನ ಮೇಲುಭಾಗದಲ್ಲಿ ನೀರು ತುಂಬುತ್ತಾರೆ. ಅದು ಗೋಡೆಗಳಿಗೆ ಇಳಿದು ಆವಿಯಾಗುತ್ತದೆ. ಒಳಗಿನ ಖಾನೆ ತಂಪಾಗುತ್ತದೆ. ಅದರಲ್ಲಿಟ್ಟ ಕಾಯಿಪಲ್ಲೆ ಕೆಲವು ದಿನ ಬಾಡದೆ ಇರುತ್ತದೆ. ವಿದ್ಯುತ್ತು ಬೇಕಿಲ್ಲ.

ಇದರಲ್ಲಿ ಬರ್ಫ ಆಗುವುದಿಲ್ಲ. ಕೊಂಕಣದ ಮಳೆಗಾಲದಲ್ಲಿ ಇದು ಅಷ್ಟಾಗಿ ತಂಪೂ ಆಗದು. ಗಾಳಿಯಲ್ಲಿಯೇ ನೀರು ತುಂಬಿರುವಾಗ ಆವಿ ಹೋಗುವುದೆಲ್ಲಿಗೆ? ನಮ್ಮ ಜತ್ತ, ಅಕ್ಕಲಕೋಟೆಗಳ ಒಣ ಬಿಸಿಲಿಗೆ ಮಾತ್ರ ಇದು ಹೇಳಿ ಮಾಡಿಸಿದಂತಿದೆ.

ಗಡಿಯ ಆಚೆ, ಧಾರವಾಡ ಜಿಲ್ಲೆಯ ಅಣ್ಣಿಗೇರಿಯಲ್ಲಿಯೂ ಇಂಥ ಒಬ್ಬ ರೈತರ ಹೆಸರು ಕೇಳಿಬರುತ್ತದೆ. ಅವರು ಅಬ್ದುಲ್ ಖಾದರ್ ನಡಕಟ್ಟಿನ. ಹುಡುಗರಾಗಿದ್ದಾಗ ಅವರಿಗೆ ಬೆಳಿಗ್ಗೆ ಎಚ್ಚರವೇ ಆಗುತ್ತಿರಲಿಲ್ಲ. ಗಡಿಯಾರದ ಕೀಲಿಗೆ ದಾರ ಕಟ್ಟಿ, ದಾರದ ತುದಿಗೆ ನೀರಿನ ಬಾಟಲಿ ಕಟ್ಟಿದರು. ಗಂಟೆ ಬಾರಿಸಿತೆಂದರೆ ಮುಖದ ಮೇಲೆ ನೀರು! ಮುಂದೆ ಅವರು ಬಿತ್ತುವ ಕೂರಿಗೆ, ಹುಣಸೆಹಣ್ಣಿನ ಬೀಜ ಬಿಡಿಸುವ ಯಂತ್ರ ಮೊದಲಾದವನ್ನು ತಯಾರಿಸಿದರು. ಪ್ರತಿಷ್ಠಾನವು 2015ರಲ್ಲಿ ಅವರನ್ನು ಗೌರವಿಸಿತು. 2022ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು.

ಮಾಡಿ ನೋಡಿರಿ: ಒಂದೇ ಅಳತೆಯ ಎರಡು ಬಾಟಲಿಗಳಲ್ಲಿ ನೀರು ತುಂಬಿರಿ. ಒಂದಕ್ಕೆ ಒದ್ದೆ ಬಟ್ಟೆ ಸುತ್ತಿರಿ. ಎರಡನ್ನೂ ಗಾಳಿಯಾಡುವ ನೆರಳಿನಲ್ಲಿ ಎರಡು ತಾಸು ಇಡಿರಿ. ಬಟ್ಟೆ ಒಣಗಿದರೆ ಮತ್ತೆ ನೀರು ಚಿಮುಕಿಸಿರಿ. ಯಾವ ಬಾಟಲಿಯ ನೀರು ತಣ್ಣಗಿದೆ? ಮಳೆ ಬರುವ ದಿನ ಇದನ್ನೇ ಮತ್ತೊಮ್ಮೆ ಮಾಡಿ, ಎರಡು ದಿನಗಳ ಫಲವನ್ನೂ ವಹಿಯಲ್ಲಿ ಬರೆಯಿರಿ.