ಟ್ರಿಪ್ಪಿಗೆ ತಲೆಗೆ ಎಷ್ಟಾಗ್ತದೆ ಮಾರಾಯ?

ಕ್ಲಾಸಿನಲ್ಲಿ ಟ್ರಿಪ್ ಅಂತ ಮಾತು ಬಂದ ಕೂಡಲೇ ಇಬ್ಬರು ಮೂವರ ಮನೆಯಲ್ಲಿ ಅದೇ ದಿನ ಫಂಕ್ಷನ್ ಬರ್ತದೆ. ಇನ್ನೊಬ್ಬನ ಅಜ್ಜಿಗೆ ಹುಷಾರಿರುವುದಿಲ್ಲ. ವಿಷಯ ದುಡ್ಡಿನದ್ದು ಅಂತ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ನಾಲ್ಕು ವರ್ಷ ಒಂದೇ ಬೆಂಚಿನಲ್ಲಿ ಕೂರುವವರು ಒಂದು ಫೋಟೋದಲ್ಲೂ ಒಟ್ಟಿಗೆ ಇಲ್ಲ ಅಂದರೆ ಬೇಜಾರಲ್ವಾ? ಹಾಗಾಗಿ ಪ್ಲಾನಿಂಗ್ ಶುರು ಮಾಡುವಾಗ ನಾವು ಜಾಗದ ಹೆಸರು ಎತ್ತುವುದೇ ಇಲ್ಲ.

ಮೊದಲು ಬಜೆಟ್. ಗ್ರೂಪಿನಲ್ಲಿ ಪೋಲ್ ಹಾಕಬೇಡಿ, ಎಲ್ಲರೆದುರು ಕಡಿಮೆ ಮೊತ್ತ ಒತ್ತಲು ಯಾರಿಗೂ ಮನಸ್ಸು ಬರುವುದಿಲ್ಲ. ಬಾಯಿ ಬಿಗಿ ಇರುವ ಒಬ್ಬರನ್ನು ಆರಿಸಿ, ಎಲ್ಲರೂ ಅವರಿಗೆ ಮಾತ್ರ ತಮ್ಮ ಕೈಲಾಗುವ ಮೊತ್ತ ಕಳಿಸಲಿ. ಬಂದ ಸಂಖ್ಯೆಗಳಲ್ಲಿ ಅತಿ ಚಿಕ್ಕದೇ ಬಜೆಟ್. ಸರಾಸರಿ ತೆಗೆಯಬಾರದು, ಸರಾಸರಿಗಿಂತ ಕೆಳಗಿರುವವರೇ ಅಲ್ವಾ ಅಜ್ಜಿ ಕಥೆ ಹೇಳುವವರು! ಆ ಚಿಕ್ಕ ಸಂಖ್ಯೆ ಯಾರದ್ದು ಅಂತ ಕೊನೆವರೆಗೂ ಹೊರಗೆ ಬರಬಾರದು.

ಇನ್ನು ಎಷ್ಟು ಜನ? ಜನ ಜಾಸ್ತಿ ಆದಷ್ಟೂ ಖರ್ಚು ಕಡಿಮೆ ಅಂತ ಎಲ್ಲರೂ ಅಂದುಕೊಳ್ತಾರೆ, ಗ್ರಾಫ್ ಹಾಗೆ ನೇರ ಇಳಿಯುವುದಿಲ್ಲ. ಟಿಕೆಟ್, ಊಟ ತಲೆಗೊಂದು. ಎಷ್ಟೇ ಜನ ಇದ್ದರೂ ಅದು ಹಂಚಿಹೋಗುವುದಿಲ್ಲ. ರೂಮ್, ಆಟೋ ಮಾತ್ರ ಹಂಚಿಕೊಳ್ಳಬಹುದು. ಅದೂ ಮೆಟ್ಟಿಲು ಮೆಟ್ಟಿಲಾಗಿ. ಆಟೋದಲ್ಲಿ ಮೂರೇ ಜನ, ನಾಲ್ಕನೆಯವರು ಬಂದರೆ ಎರಡನೇ ಆಟೋ ಬೇಕು. ರೂಮ್ ಕೂಡ ಎಕ್ಸ್‌ಟ್ರಾ ಹಾಸಿಗೆ ಹಾಕಿಸಿದರೆ ಮೂವರಿಗೆ. ಹಾಗಾಗಿ ಮೂರರ ಮಗ್ಗಿ ಒಳ್ಳೆಯದು. ನಮ್ಮ ಫೇವರಿಟ್ ಆರು: ಎರಡು ಆಟೋ, ಎರಡು ರೂಮ್. ಸ್ಲೀಪರ್ ಕೋಚಿನ ಒಂದು ಬೇಯಲ್ಲಿ ಎದುರುಬದುರು ಇರುವುದೂ ಆರೇ ಬರ್ತ್. ಏಳನೆಯವರು ಬರ್ತೇನೆ ಅಂದರೆ ಬೇಡ ಅನ್ನಬೇಡಿ, ಇನ್ನಿಬ್ಬರನ್ನು ಹುಡುಕಿ.

ಜಾಗ ಆರಿಸುವಾಗ ಟಿಕೆಟ್ ದರ ಮಾತ್ರ ನೋಡಿದರೆ ಸಾಲದು, ಸ್ಟೇಷನ್ ಊರಿನಿಂದ ಎಷ್ಟು ದೂರ ಅಂತಲೂ ನೋಡಬೇಕು. ಕೊಂಕಣ ರೈಲ್ವೆಯ ಗೋಕರ್ಣ ರೋಡ್ ಸ್ಟೇಷನ್ ಗೋಕರ್ಣದಲ್ಲಿಲ್ಲ, ಹೆಸರಲ್ಲೇ 'ರೋಡ್' ಉಂಟಲ್ಲ. ಸುಬ್ರಹ್ಮಣ್ಯ ರೋಡ್ ಇರುವುದು ನೆಟ್ಟಣದಲ್ಲಿ, ಕುಕ್ಕೆಗೆ ಅಲ್ಲಿಂದ ಸುಮಾರು 12 ಕಿ.ಮೀ. ರೈಲಿನಲ್ಲಿ ಉಳಿಸಿದ್ದನ್ನೆಲ್ಲ ಆಟೋಗೆ ಕೊಟ್ಟು ಬರುವುದು ಇಂಥ ಕಡೆಯೇ. ನಮ್ಮ ಊರೂ ಕಮ್ಮಿ ಇಲ್ಲ: ಸೆಂಟ್ರಲ್ ಬೇರೆ, ಜಂಕ್ಷನ್ ಬೇರೆ. ಹೊಸಬರು ಟಿಕೆಟನ್ನು ಎರಡು ಸಲ ಓದಿ.

ಒಂದೇ ದಿನದಲ್ಲಿ ಹೋಗಿ ಬರುವುದಾದರೆ ನಮ್ಮ ವೋಟು ಬೇಕಲ ಕೋಟೆಗೆ. ಕಾಸರಗೋಡು ಕಡೆಗೆ ರೈಲು ಜಾಸ್ತಿ, ಜನರಲ್ ಟಿಕೆಟ್ ಸಾಕು, ಒಂದು ತಪ್ಪಿದರೆ ಇನ್ನೊಂದು ಸಿಗ್ತದೆ. ಹೊನ್ನಾವರ, ಮುರುಡೇಶ್ವರ ಕಡೆಗೆ ಲೋಕಲ್ ರೈಲು ಕಡಿಮೆ, ಅಲ್ಲಿಗಾದರೆ ವಾಪಸ್ ರೈಲು ನೋಡಿದ ಮೇಲೆಯೇ ಹೋಗುವ ರೈಲು ನೋಡಿ. ಮಳೆಗಾಲದಲ್ಲಿ ಕೊಂಕಣ ರೈಲ್ವೆಯ ಟೈಮ್‌ಟೇಬಲ್ ಕೂಡ ಬದಲಾಗ್ತದೆ, ಜನವರಿಯಲ್ಲಿ ತೆಗೆದ ಸ್ಕ್ರೀನ್‌ಶಾಟ್ ನಂಬಿ ಜುಲೈಯಲ್ಲಿ ಹೊರಡಬೇಡಿ. ಹೊನ್ನಾವರದಲ್ಲಿ ಶರಾವತಿ ದಾಟುವಾಗ ಫೋನ್ ಕೆಳಗಿಡಿ. ಎರಡು ಕಿ.ಮೀ. ಉದ್ದದ ಸೇತುವೆ ಅದು, ಸಿವಿಲ್‌ನವರಿಗೆ ಫ್ರೀ ಫೀಲ್ಡ್ ವಿಸಿಟ್.

ಬಸ್ಸಿನ ಲೆಕ್ಕ ಸ್ವಲ್ಪ ಬೇರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಕರ್ನಾಟಕದ ಹುಡುಗಿಯರಿಗೆ ಸರಕಾರಿ ಬಸ್ಸು ಫ್ರೀ. ಆದರೆ ನಮ್ಮ ಜಿಲ್ಲೆಯಲ್ಲಿ ಓಡುವುದು ಹೆಚ್ಚಾಗಿ ಪ್ರೈವೇಟ್ ಬಸ್ಸು, ಸ್ಟೇಟ್ ಬ್ಯಾಂಕಿನಿಂದ ಉಡುಪಿಗೆ ಹೊರಟರೆ ಎಲ್ಲರೂ ದುಡ್ಡು ಕೊಡಬೇಕು. ಫ್ರೀ ಬೇಕಾದರೆ ಬಿಜೈ ಕೆಎಸ್‌ಆರ್‌ಟಿಸಿ ನಿಲ್ದಾಣಕ್ಕೆ ಹೋಗಿ ಆರ್ಡಿನರಿ ಅಥವಾ ಎಕ್ಸ್‌ಪ್ರೆಸ್ ಹತ್ತಬೇಕು. ರಾಜಹಂಸ, ಐರಾವತಕ್ಕೆ ಇಲ್ಲ, ಬೇರೆ ರಾಜ್ಯಕ್ಕೆ ಹೋಗುವ ಬಸ್ಸಿಗೂ ಇಲ್ಲ. ಕಾಸರಗೋಡಿನ ಗೆಳತಿ ಮನೆಯಲ್ಲಿ ನಮಗಿಂತ ಚಂದ ಕನ್ನಡ ಮಾತಾಡ್ತಾಳೆ, ಆದರೆ ಅವಳ ಆಧಾರಿನಲ್ಲಿ ಕೇರಳದ ವಿಳಾಸ, ಟಿಕೆಟ್ ತಗೊಳ್ಳಲೇಬೇಕು. ನಾವು ಬಸ್ ಖರ್ಚನ್ನೆಲ್ಲ ಒಟ್ಟು ಹಾಕಿ ಎಲ್ಲರಿಗೂ ಸಮ ಹಂಚುತ್ತೇವೆ. ಇದಕ್ಕೆ ನಮ್ಮಲ್ಲೇ ಜಗಳ ಆದದ್ದುಂಟು. ಫ್ರೀ ಸಿಕ್ಕವರು ಯಾಕೆ ಕೊಡಬೇಕು ಅಂತ. ಒಟ್ಟಿಗೆ ಹೋಗುವುದಾದರೆ ಬಿಲ್ಲೂ ಒಟ್ಟಿಗೇ ಅಂತ ನಮ್ಮ ವಾದ.

ಎಲ್ಲಕ್ಕಿಂತ ದೊಡ್ಡ ಉಳಿತಾಯ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತೇ ಇಲ್ಲ. ಓದುವ ಊರಿನಿಂದ ಸ್ವಂತ ಊರಿಗೆ ಹೋಗಲು, ಕಾಲೇಜಿನ ಸ್ಟಡಿ ಟೂರಿಗೆ, ರೈಲ್ವೆಯಲ್ಲಿ ವಿದ್ಯಾರ್ಥಿ ರಿಯಾಯಿತಿ ಉಂಟು. ಸೆಕೆಂಡ್ ಮತ್ತು ಸ್ಲೀಪರ್ ಕ್ಲಾಸಿನಲ್ಲಿ ಮೂಲ ದರದ 50 ಶೇಕಡಾ, ಎಸ್‌ಸಿ-ಎಸ್‌ಟಿ ವಿದ್ಯಾರ್ಥಿಗಳಿಗೆ 75. ರಿಸರ್ವೇಷನ್ ಚಾರ್ಜ್ ಪೂರ್ತಿ ಕೊಡಬೇಕು. ಕೋವಿಡ್ ಬಂದಾಗ, 2020ರ ಮಾರ್ಚ್‌ನಲ್ಲಿ, ಹಿರಿಯ ನಾಗರಿಕರ ರಿಯಾಯಿತಿ ನಿಂತಿತು, ವಿದ್ಯಾರ್ಥಿಗಳದ್ದು ಉಳಿಯಿತು. ಆ್ಯಪಿನಲ್ಲಿ ಹುಡುಕಿದರೆ ಸಿಗುವುದಿಲ್ಲ, ಪ್ರಿನ್ಸಿಪಾಲರ ಸಹಿ ಇರುವ ಫಾರ್ಮ್ ಹಿಡಿದು ಕೌಂಟರಿಗೇ ಹೋಗಬೇಕು. ಬೀಚ್ ಟ್ರಿಪ್ಪಿಗೆ ಇದು ನಡೆಯುವುದಿಲ್ಲ, ಆದರೆ ಬೀದರ್, ಕಲಬುರಗಿಯಿಂದ ಬಂದವರು ದೀಪಾವಳಿಗೆ ಊರಿಗೆ ಹೋಗುವಾಗ ಅರ್ಧ ದುಡ್ಡು ಉಳಿದರೆ ಅದೇ ಮುಂದಿನ ಟ್ರಿಪ್ಪಿನ ಬಂಡವಾಳ. ರಿಸರ್ವೇಷನ್ 60 ದಿನ ಮೊದಲು ಓಪನ್ ಆಗ್ತದೆ (2024ರ ನವೆಂಬರಿಗಿಂತ ಮೊದಲು 120 ಇತ್ತು). ಆಫೀಸಿನಲ್ಲಿ ಸಹಿ ಆಗಲು ದಿನ ಹಿಡಿಯುತ್ತದೆ, ಹಾಗಾಗಿ ಅರ್ಜಿಯನ್ನು ಅದಕ್ಕೂ ಒಂದು ವಾರ ಮೊದಲೇ ಕೊಡಿ.

ಬಂದ ಸಂಖ್ಯೆ ತೀರಾ ಚಿಕ್ಕದಾದರೆ? ಸಿಟಿ ಬಸ್ಸಿನಲ್ಲಿ ಸುಲ್ತಾನ್ ಬತ್ತೇರಿ. 1784ರಲ್ಲಿ ಟಿಪ್ಪು ಕಟ್ಟಿಸಿದ ಕಾವಲು ಗೋಪುರ ಹತ್ತಿ ನೋಡಿ, ಕೆಳಗೆ ದೋಣಿ ಹತ್ತಿ ಫಲ್ಗುಣಿ ದಾಟಿದರೆ ತಣ್ಣೀರುಬಾವಿ ಬೀಚ್. ಬುತ್ತಿ ಕಟ್ಟಿಕೊಂಡರೆ ಖರ್ಚು ಬಸ್ಸು, ದೋಣಿ ಮತ್ತು ಚರುಮುರಿ ಅಷ್ಟೇ. ವಾಪಸ್ ಕೊನೆಯ ದೋಣಿ ಎಷ್ಟು ಗಂಟೆಗೆ ಅಂತ ಇಳಿಯುವಾಗಲೇ ಕೇಳಿಟ್ಟುಕೊಳ್ಳಿ, ತಪ್ಪಿದರೆ ಕೂಳೂರು ಸೇತುವೆಯವರೆಗೆ ಸುತ್ತಿ ಬರಬೇಕಾಗ್ತದೆ.