ಸ್ಕ್ಯಾನ್‌ನಲ್ಲಿ ಕಂಡದ್ದು ಹಳೆಯ ಗಾಯ

ಪ್ರಶ್ನೆ: ಮಗನಿಗೆ ಒಂಬತ್ತು ವರ್ಷ. ಹತ್ತು ತಿಂಗಳ ಕೂಸಾಗಿದ್ದಾಗ ಜ್ವರ ನೆತ್ತಿಗೇರಿ ಬಹಳ ಹೊತ್ತು ಫಿಟ್ಸ್ ಬಂದಿತ್ತು. ಅಂದಿನಿಂದ ಬಲಗೈ, ಬಲಗಾಲಿಗೆ ಶಕ್ತಿ ಕಡಿಮೆ. ಈಚೆಗೆ ಮತ್ತೆ ಫಿಟ್ಸ್ ಶುರುವಾಗಿ ಎಂಆರ್‌ಐ ಮಾಡಿಸಿದೆವು. ಎಡ ಮಿದುಳು ಕುಗ್ಗಿದೆ, ಆ ಬದಿಯ ತಲೆಬುರುಡೆ ದಪ್ಪಗಾಗಿದೆ ಎಂದಿದ್ದಾರೆ. ಉಳಿದದ್ದೂ ಹೀಗೇ ಕುಗ್ಗುತ್ತದೆಯೇ? ನಾನು ಬಸುರಿಯಾಗಿದ್ದಾಗ ಗ್ರಹಣ ನೋಡಿದ್ದೇ ಕಾರಣ ಅನ್ನುತ್ತಾರೆ ಮನೆಯವರು.
— ಒಬ್ಬ ತಾಯಿ, ಹಾವೇರಿ ಜಿಲ್ಲೆ

ಉತ್ತರ: ಗ್ರಹಣದ ಮಾತನ್ನು ಮೊದಲು ಮುಗಿಸೋಣ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಗರ್ಭದಲ್ಲೇ ಮಿದುಳಿನ ರಕ್ತನಾಳ ಕಟ್ಟಿಕೊಳ್ಳುವುದು, ಹೆರಿಗೆಯಲ್ಲಿ ಉಸಿರುಗಟ್ಟುವುದು, ಸೋಂಕು, ತಲೆಗೆ ಪೆಟ್ಟು, ನಿಲ್ಲದ ಫಿಟ್ಸ್ ಇವೇ ಸಾಮಾನ್ಯ ಕಾರಣಗಳು. ನಿಮ್ಮ ತಪ್ಪು ಇದರಲ್ಲಿಲ್ಲ.

ವರದಿಯಲ್ಲಿ ‘ಡೈಕ್-ಡೇವಿಡಾಫ್-ಮ್ಯಾಸನ್ ಸಿಂಡ್ರೋಮ್’ ಎಂಬ ಹೆಸರಿದ್ದರೆ ಗಾಬರಿ ಬೇಡ. 1933ರಲ್ಲಿ ಈ ಲಕ್ಷಣಗಳನ್ನು ಎಕ್ಸ್‌ರೇಯಲ್ಲಿ ಗುರುತಿಸಿ ಬರೆದ ಮೂವರು ವೈದ್ಯರ ಹೆಸರದು. ಮೊದಲ ಮೂರು ವರ್ಷ ಮಿದುಳು ಭರದಿಂದ ಬೆಳೆಯುತ್ತ, ಒಳಗಿನಿಂದ ಒತ್ತಿ ಬುರುಡೆಗೆ ಆಕಾರ ಕೊಡುತ್ತದೆ. ಒಂದು ಬದಿ ಬೆಳೆಯದಿದ್ದರೆ ಅಲ್ಲಿನ ಮೂಳೆ ಒಳಮುಖವಾಗಿ ದಪ್ಪಗಾಗುತ್ತದೆ, ಹಣೆಯ ಸೈನಸ್ ಹಿಗ್ಗುತ್ತದೆ. ಅಂದರೆ ದಪ್ಪ ಬುರುಡೆ ಹೇಳುತ್ತಿರುವುದು ಪೆಟ್ಟು ಎಳವೆಯಲ್ಲೇ ಬಿದ್ದಿತ್ತು ಎಂದು. ಅದು ಹಳೆಯ ಗಾಯದ ಕಲೆ. ಸಾಮಾನ್ಯವಾಗಿ ಇನ್ನೊಂದು ಬದಿಗೆ ಹರಡುವುದಿಲ್ಲ. ಎಳವೆಯಲ್ಲಿ ಎಡಬದಿಗೆ ಪೆಟ್ಟಾದಾಗ ಮಾತಿನ ಹೊಣೆಯನ್ನು ಬಲಬದಿ ಹೊತ್ತುಕೊಳ್ಳುವುದೂ ಉಂಟು.

ಆದರೆ ಒಂದು ಎಚ್ಚರಿಕೆ. ಕೈಕಾಲಿನ ಬಲ ಈಗ ಮತ್ತಷ್ಟು ಕುಸಿಯುತ್ತಿದ್ದರೆ, ಕಲಿತದ್ದು ಮರೆಯುತ್ತಿದ್ದರೆ ನ್ಯೂರಾಲಜಿಸ್ಟರಿಗೆ ಕೂಡಲೇ ತಿಳಿಸಿ. ರಾಸ್ಮುಸೆನ್ ಎನ್ಸೆಫಲೈಟಿಸ್ ಎಂಬ ಬೇರೆ ಕಾಯಿಲೆಯೂ ಮಿದುಳಿನ ಒಂದೇ ಬದಿಯನ್ನು ಕುಗ್ಗಿಸುತ್ತದೆ, ಅದು ಮುಂದುವರಿಯುವಂಥದ್ದು.

ಈಗ ಮುಖ್ಯವಾದದ್ದು ಫಿಟ್ಸ್ ಹತೋಟಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಫಿಟ್ಸ್ ಬಂದಾಗ ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಬಾಯಿಗೆ ಏನೂ ತುರುಕಬೇಡಿ, ಕೈಗೆ ಕಬ್ಬಿಣ ಹಿಡಿಸಬೇಡಿ. ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಿರಿ. ಸರಿಯಾಗಿ ಕೊಟ್ಟ ಎರಡು ಔಷಧಿಗಳಿಗೂ ಬಗ್ಗದಿದ್ದರೆ, ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಶಸ್ತ್ರಚಿಕಿತ್ಸೆ ಸಾಧ್ಯವೇ ಎಂದು ವಿಚಾರಿಸಿ. ಬಲಗೈಗೆ ಫಿಸಿಯೋಥೆರಪಿಯ ಜೊತೆ ದಿನವೂ ಕೆಲಸ ಕೊಡಿ: ರೊಟ್ಟಿ ಮುರಿಯಲಿ, ಅಂಗಿಯ ಗುಂಡಿ ಹಾಕಲಿ. ವೈದ್ಯರನ್ನು ಕೇಳಿ ಅಂಗವೈಕಲ್ಯದ ಯುಡಿಐಡಿ ಕಾರ್ಡ್‌ಗೂ ಅರ್ಜಿ ಹಾಕಿ.

ಇವತ್ತೇ ಒಂದು ನೋಟ್‌ಬುಕ್ ತೆಗೆದು ಫಿಟ್ಸ್ ಬಂದ ದಿನ, ಎಷ್ಟು ಹೊತ್ತು ಇತ್ತು ಎಂಬುದನ್ನು ಬರೆದಿಡಿ. ಮುಂದಿನ ಸಲ ವೈದ್ಯರಲ್ಲಿಗೆ ಸ್ಕ್ಯಾನ್ ಜೊತೆ ಅದನ್ನೂ ಒಯ್ಯಿರಿ.